ಬೆಳೆಯೋಕೆ ಬೇಕು, ಉಣ್ಣೋಕೆ ಬೇಡ

ಸೂರಗೊಂಡನಕೊಪ್ಪ ನಾಡಿಗೆ ಗೊತ್ತಿರುವುದು ಲಂಬಾಣಿಗಳ ಸಂತ ಸೇವಾಲಾಲರ ಜನ್ಮಸ್ಥಳವಾಗಿ. ಫೆಬ್ರುವರಿಯ ಜಯಂತಿಗೆ ಎಲ್ಲೆಲ್ಲಿಯ ತಾಂಡಾಗಳಿಂದಲೋ ಮಾಲಾಧಾರಿಗಳು ಇಲ್ಲಿಯ ಭಾಯಾಗಡಕ್ಕೆ ನಡೆದು ಬರುತ್ತಾರೆ. ಉಳಿದ ದಿನಗಳಲ್ಲಿ ಈ ನ್ಯಾಮತಿ ಸೀಮೆಯ ಮಾತೆಲ್ಲ ಮಳೆ, ಮೆಕ್ಕೆಜೋಳ, ಹುಳು, ರೇಟು. ಆಷಾಢದ ಒಂದು ಬೆಳಿಗ್ಗೆ ಮೊಣಕಾಲೆತ್ತರದ ಮೆಕ್ಕೆಜೋಳದ ಹೊಲದಲ್ಲಿ ನಡೆದ ಮಾತು ಇದು. ಒಬ್ಬರು ಹೊಲದ ಯಜಮಾನ, ಒಂದು ಕಾಲದಲ್ಲಿ ಹೆಗಲಿಗೆ ರೈತ ಸಂಘದ ಹಸಿರು ಶಾಲು ಹಾಕಿದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಶಿವಮೊಗ್ಗದಲ್ಲಿ ಕೃಷಿ ಪದವಿ ಓದಿದವಳು. ಮನೆಯಲ್ಲಿ ಅವರದು ಲಂಬಾಣಿ ಮಾತು, ನಾನಿದ್ದೆನೆಂದು ಕನ್ನಡದಲ್ಲಿ ಆಡಿದರು. ಹೆಸರು ಬೇಡ. ಕಾಕಾ, ಮಗಳು ಎಂದಷ್ಟೇ ಕರೆಯುತ್ತೇನೆ.

ಕಾಕಾ: ಈ ಸುಳಿ ಬಿಡಿಸಿ ನೋಡು ಮಗಾ. ಎಲೆ ತುಂಬ ತೂತು. ಒಳಗೆ ಹಸಿ ಮರದಪುಡಿ ಇದ್ದಂಗೆ ಹಿಕ್ಕೆ. ಬಿತ್ತಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಎರಡು ಸಲ ಔಷಧಿ ಹೊಡೆದೀನಿ.

ಮಗಳು: ಸೈನಿಕ ಹುಳು, ಕಾಕಾ. ತಲೆ ಮೇಲೆ ತಲೆಕೆಳಗಾದ ವೈ ಅಕ್ಷರದ ಗುರುತಿದೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕ ಖಂಡದ ಹುಳು ಇದು. 2016ರಲ್ಲಿ ಆಫ್ರಿಕಕ್ಕೆ ಬಂತು. ಇಂಡಿಯಾದಲ್ಲಿ ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದ ನವಿಲೆ ಕೃಷಿ ಕಾಲೇಜಿನ ಮೆಕ್ಕೆಜೋಳದ ಹೊಲದಲ್ಲೇ, 2018ರ ಮೇ ತಿಂಗಳಲ್ಲಿ.

ಕಾಕಾ: ಅಂದ್ರೆ ನಮ್ಮ ಮಗ್ಗುಲಲ್ಲೇ. ಅವತ್ತಿಂದ ಈ ಹೊಲಕ್ಕೆ ನೆಮ್ಮದಿ ಇಲ್ಲ. ಎಮಾಮೆಕ್ಟಿನ್ ತರಬೇಕು, ಬೆನ್ನಿಗೆ ಹದಿನಾರು ಲೀಟರಿನ ಟ್ಯಾಂಕು ಹೊರಬೇಕು, ಒಂದೊಂದು ಸುಳಿಗೂ ಬಿಡಬೇಕು. ಹುಳು ಸುಳಿಯೊಳಗೆ ಇಳಿದು ಮೇಲೆ ಹಿಕ್ಕೆ ಮುಚ್ಚಿಕೊಂಡು ಕೂತ ಮೇಲೆ ಔಷಧಿ ಮುಟ್ಟೋದೇ ಇಲ್ಲ. ಸಂಜೆ ಮನೆಗೆ ಹೋದ್ರೆ ಕಣ್ಣುರಿ, ಊಟ ಸೇರಲ್ಲ. ಹುಳು ಹತ್ತದ ಮೆಕ್ಕೆಜೋಳ ಹೊರದೇಶದಲ್ಲಿ ಐತೆ ಅಂತಾರಲ್ಲ, ಅದನ್ನ ನಮಗೆ ಯಾಕೆ ಕೊಡಲ್ಲ? ಇವತ್ತು ಕೊಟ್ರೆ ಇವತ್ತೇ ಬಿತ್ತುತೀನಿ.

ಮಗಳು: ಇದೆ. ಬಿಟಿ ಮೆಕ್ಕೆಜೋಳ ಅಮೆರಿಕದಲ್ಲಿ 1996ರಿಂದ ಬೆಳೀತಾರೆ. ಮಣ್ಣಲ್ಲೇ ಇರೋ ಒಂದು ಬ್ಯಾಕ್ಟೀರಿಯಾದ ವಂಶವಾಹಿ ತೆಗೆದು ಗಿಡಕ್ಕೆ ಸೇರಿಸ್ತಾರೆ. ಗಿಡ ತಾನೇ ಹುಳಕ್ಕೆ ವಿಷವಾಗೋ ಒಂದು ಪ್ರೋಟೀನು ಮಾಡುತ್ತೆ. ಆದರೆ ಕೇಳಿ, ಇದೇ ಸೈನಿಕ ಹುಳು ಪೋರ್ಟೊ ರಿಕೊ ಅನ್ನೋ ದ್ವೀಪದಲ್ಲಿ 2006ರ ಹೊತ್ತಿಗೇ ಒಂದು ಬಿಟಿ ಮೆಕ್ಕೆಜೋಳವನ್ನ ತಿಂದು ಜೀರ್ಣಿಸಿಕೊಂಡಿತು. ಕಂಪನಿ ಅಲ್ಲಿ ಆ ಬೀಜದ ಮಾರಾಟವನ್ನೇ ನಿಲ್ಲಿಸಬೇಕಾಯ್ತು. ಬ್ರೆಜಿಲ್‌ನಲ್ಲೂ ಮುಂದೆ ಹಾಗೇ ಆಯ್ತು.

ಕಾಕಾ: ಎಷ್ಟು ವರ್ಷ ತಡೀತು ಅದು?

ಮಗಳು: ಕೆಲವು ವರ್ಷ.

ಕಾಕಾ: ಆ ಕೆಲವು ವರ್ಷ ನನಗೆ ಕೊಡು. ನಿನ್ನ ಎಮಾಮೆಕ್ಟಿನ್ ಎಷ್ಟು ದಿನ ತಡೀತೈತೆ, ಅದನ್ನೂ ಹೇಳು.

ಮಗಳು ಸ್ವಲ್ಪ ಹೊತ್ತು ಸುಮ್ಮನಾದಳು. ಹುಳುವನ್ನು ಉಗುರಿನಲ್ಲಿ ಹಿಸುಕಿ ಮಣ್ಣಿಗೆ ಒರೆಸಿದಳು.

ಮಗಳು: ಹತ್ತಿ ನೆನಪಿಲ್ವಾ ಕಾಕಾ? ಬಿಟಿ ಹತ್ತಿಗೆ 2002ರ ಮಾರ್ಚಿನಲ್ಲಿ ಪರವಾನಗಿ ಸಿಕ್ಕಿತು. ಮೊದಮೊದಲು ನೀವೇ ಹೊಗಳ್ತಾ ಇದ್ರಿ.

ಕಾಕಾ: ಹೊಗಳಿದ್ದು ನಿಜ. ಅದಕ್ಕೂ ಮುಂಚೆ ಕಾಯಿಕೊರಕಕ್ಕೆ ಎಷ್ಟು ಔಷಧಿ ಹೊಡೆದ್ರೂ ಹುಳ ಸಾಯ್ತಿರಲಿಲ್ಲ, ಔಷಧಿ ಕುಡಿದು ರೈತರು ಸತ್ರು. ಬಿಟಿ ಬಂದ ಮೇಲೆ ನಾಲ್ಕಾರು ವರ್ಷ ಹೊಲ ತುಂಬ ಬಿಳಿ ಬಿಳಿ. 450 ಗ್ರಾಂ ಬೀಜದ ಪೊಟ್ಟಣಕ್ಕೆ 1,600 ರೂಪಾಯಿ ಕೊಟ್ಟು ತಂದ್ವಿ, ಆದ್ರೂ ಕೈಗೆ ಹತ್ತಿತು.

ಮಗಳು: ಆಮೇಲೆ?

ಕಾಕಾ: ಆಮೇಲೆ ಗುಲಾಬಿ ಹುಳ. ಕಾಯಿ ಹೊರಗೆ ಚೆಂದ ಕಾಣ್ತದೆ, ಒಡೆದ್ರೆ ಒಳಗೆ ಕೊಳೆತು ಕೂತಿರ್ತದೆ. ಬೀಜಕ್ಕೂ ದುಡ್ಡು, ಔಷಧಿಗೂ ದುಡ್ಡು. ಹತ್ತಿ ಬಿಟ್ಟು ಮೆಕ್ಕೆಜೋಳಕ್ಕೆ ಬಂದ್ವಿ.

ಮಗಳು: ಅಷ್ಟರಲ್ಲಿ ನಾಟಿ ಹತ್ತಿ ಬೀಜ ಬೇಕು ಅಂದ್ರೂ ಅಂಗಡೀಲಿ ಸಿಗದ ಹಾಗಾಗಿತ್ತು. ನನ್ನ ಭಯ ಅದು. ಹುಳು ಗೆಲ್ಲೋದು ಹೊಸದೇನಲ್ಲ. ಹುಳು ಗೆದ್ದ ದಿನ ಹಿಂದಕ್ಕೆ ಹೋಗೋಕೆ ದಾರಿ ಇರಲ್ಲ. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತ ಸಂಘದವರು ನುಗ್ಗಿದ್ದು, 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರೆಗೆ ರಾಯಚೂರು, ಬಳ್ಳಾರಿ ಕಡೆ ಮೊನ್ಸಾಂಟೊ ಹತ್ತಿಯ ಪ್ರಯೋಗದ ಹೊಲ ಕಿತ್ತು ಸುಟ್ಟಿದ್ದು, ಎಲ್ಲ ಬೀಜ ಯಾರ ಕೈಲಿರಬೇಕು ಅನ್ನೋ ಪ್ರಶ್ನೆಗೆ. ನೀವೇ ಆ ಶಾಲು ಹಾಕಿದ್ದವರು.

ಕಾಕಾ: ಹಾಕಿದ್ದೆ. ಇವತ್ತೂ ಪೆಟ್ಟಿಗೇಲಿ ಐತೆ. ಆದ್ರೆ ಮಗಾ, ಈ ಮೆಕ್ಕೆಜೋಳದ ಬೀಜ ನನ್ನ ಕೈಲಿ ಐತೇನು? ಹೈಬ್ರಿಡ್ಡು. ಇದರ ಕಾಳು ಎತ್ತಿಟ್ಟು ಬಿತ್ತಿದ್ರೆ ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ತೆನೆ ಕಟ್ಟಲ್ಲ. ಪ್ರತಿ ಮುಂಗಾರಿಗೂ ಕಂಪನಿ ಚೀಲ ಕೊಂಡು ತರ್ತೀನಿ. ಸ್ವಾತಂತ್ರ್ಯ ಹೋಗಿ ಬಹಳ ದಿನ ಆಯ್ತು. ಹೋಗಿರೋ ಸ್ವಾತಂತ್ರ್ಯದ ಹೆಸರಲ್ಲಿ ಬೆನ್ನಿನ ಟ್ಯಾಂಕು ಇಳಿಸಬೇಡ ಅಂದ್ರೆ ಹೆಂಗೆ?

ಇದಕ್ಕೆ ಅವಳ ಹತ್ತಿರ ತಕ್ಷಣದ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಹೀಗೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ಕುಲಾಂತರಿ ಬೆಳೆಯನ್ನು ವಿರೋಧಿಸುವ ನಾವು ಬಹುಪಾಲು ಜನ ಔಷಧಿಯ ಟ್ಯಾಂಕು ಹೊತ್ತವರಲ್ಲ. ಆದರೆ ಮಾತು ಮುಂದೆ ಹೋದಾಗ ಇದೇ ಕಾಕಾ ಬೇರೆಯೇ ಕಡೆ ನಿಂತರು.

ಮಗಳು: ಸರಿ ಕಾಕಾ, ಆ ಬೀಜ ಬಂತು ಅಂತಿಟ್ಟುಕೊಳ್ಳಿ. ಅದರ ಹಿಟ್ಟಲ್ಲಿ ರೊಟ್ಟಿ ತಟ್ಟಿದ್ರೆ ತಿಂತೀರಾ?

ಕಾಕಾ: ಛೇ, ಅದೆಂಗೆ ತಿಂತಾರೆ? ಮೆಕ್ಕೆಜೋಳ ಕೋಳಿ ಫಾರಂಗೆ ಹೋಗ್ತದೆ. ಹುಳ ತಿಂದು ಸಾಯೋ ಗಿಡ, ಮನುಷ್ಯ ಹೆಂಗೆ ತಿನ್ನೋದು?

ಮಗಳು: ಹುಳದ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ. ಹುಳದ ಕರುಳಲ್ಲಿ ಕ್ಷಾರ ಇರುತ್ತೆ, ಆ ಪ್ರೋಟೀನು ಅಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ ತೂತು ಮಾಡುತ್ತೆ. ನಮ್ಮ ಜಠರದಲ್ಲಿ ಇರೋದು ಆಮ್ಲ. ಅದು ಅಂಟಿಕೊಳ್ಳೋ ಜಾಗವೇ ನಮ್ಮ ಕರುಳಲ್ಲಿ ಇಲ್ಲ. ದಕ್ಷಿಣ ಆಫ್ರಿಕದವರು ಕುಲಾಂತರಿ ಬಿಳಿ ಮೆಕ್ಕೆಜೋಳದ ಅಂಬಲಿ ದಿನಾ ಉಣ್ತಾರೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಇಪ್ಪತ್ತು ವರ್ಷಗಳ ಅಧ್ಯಯನಗಳನ್ನೆಲ್ಲ ತೆಗೆದು ನೋಡಿ, 2016ರಲ್ಲಿ ಹೇಳಿದ್ದೂ ಅದನ್ನೇ. ಈಗ ಮಾರುಕಟ್ಟೇಲಿರೋ ಕುಲಾಂತರಿ ಆಹಾರದಿಂದ ಆರೋಗ್ಯಕ್ಕೆ ಬೇರೆ ಆಹಾರಕ್ಕಿಂತ ಹೆಚ್ಚು ಅಪಾಯ ಅನ್ನೋದಕ್ಕೆ ಗಟ್ಟಿ ಸಾಕ್ಷ್ಯ ಇಲ್ಲ ಅಂತ.

ಕಾಕಾ: ವಾರಂಗಲ್ ಕಡೆ ಬಿಟಿ ಹತ್ತಿ ಹೊಲ ಮೇಯ್ದ ಕುರಿ ಸತ್ತವು ಅಂತ ಸುದ್ದಿ ಬಂತಲ್ಲ?

ಮಗಳು: 2006ರಲ್ಲಿ. ಬಿಟಿಯಿಂದಲೇ ಸತ್ತವು ಅಂತ ಸಾಬೀತಾಗಲಿಲ್ಲ. ಸರ್ಕಾರದ ತಜ್ಞರು ಅಲ್ಲ ಅಂದ್ರು, ಕುರಿಗಾರರು ಅವರ ಮಾತು ನಂಬಲಿಲ್ಲ.

ಕಾಕಾ: ನಾನೂ ಕುರಿಗಾರರ ಕಡೆಯವನೇ. ದನಕರು ಕಾಯ್ದುಕೊಂಡು, ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗಿದ ಜನ ನಾವು. ದನ ಮೂಸಿ ಬಿಟ್ಟ ಮೇವನ್ನ ನಮ್ಮ ಹಿರಿಯರು ಮುಟ್ಟುತಿರಲಿಲ್ಲ.

ಮಗಳು: ನಿಮ್ಮ ಎಮ್ಮೆಗೆ ಏನು ಇಡ್ತೀರಿ?

ಕಾಕಾ: ಹತ್ತಿಕಾಳು ಹಿಂಡಿ.

ಮಗಳು: ನಮ್ಮ ದೇಶದಲ್ಲಿ ಬೆಳೆಯೋ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಿಟಿ. ಆ ಹಿಂಡಿ ಬಿಟಿ ಹತ್ತಿಕಾಳಿನದು. ಆ ಕಾಳಿನ ಎಣ್ಣೆ ವನಸ್ಪತಿಗೆ ಹೋಗುತ್ತೆ, ಬೇರೆ ಎಣ್ಣೆಗೆ ಬೆರೆಯುತ್ತೆ, ಕರಿದ ತಿಂಡಿಗೆ ಹೋಗುತ್ತೆ. ದಾವಣಗೆರೆಗೆ ಹೋದಾಗಲೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿಂದು ಬರ್ತೀರಲ್ಲ, ಯಾವ ಎಣ್ಣೇಲಿ ಕರಿದದ್ದು ಅಂತ ಒಂದು ಸಲನಾದ್ರೂ ಕೇಳಿದ್ದೀರಾ? 2021ರ ಆಗಸ್ಟಿನಲ್ಲಿ ಕೋಳಿ ಮೇವಿಗೆ ಅಂತ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸೋಕೆ ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಆ ಕೋಳಿ ಯಾರು ತಿಂದ್ರು?

ಕಾಕಾ: ನನ್ನನ್ನ ಯಾರು ಕೇಳಿದ್ರು? ಬೇಕೋ ಬೇಡವೋ ಅಂತ ಒಂದು ಮಾತು ಯಾರಾದ್ರೂ ಕೇಳಿದ್ರಾ?

ಮಗಳು: ಕೇಳಲಿಲ್ಲ.

ಕಾಕಾ: ಹಂಗಾದ್ರೆ ತಿಂದೀಯ, ಏನೂ ಆಗಿಲ್ಲ, ಇನ್ನು ಸುಮ್ಮನಿರು ಅನ್ನೋದು ನ್ಯಾಯ ಅಲ್ಲ. ಗೊತ್ತಿಲ್ಲದೆ ತಿಂದದ್ದು ನನ್ನ ಒಪ್ಪಿಗೆ ಆಗಲ್ಲ.

ಇದು ಕಾಕಾನ ಗಟ್ಟಿ ಮಾತು. ನಗರದ ಸಭೆಗಳಲ್ಲಿ ವಿಜ್ಞಾನದ ಪರ ಮಾತಾಡುವವರು ಎತ್ತುವ ಮೊದಲ ಅಸ್ತ್ರವೇ ಈ ಹತ್ತಿ ಎಣ್ಣೆ. ಅದು ಅಪಾಯವಿಲ್ಲ ಎಂಬುದಕ್ಕೆ ಸಾಕ್ಷಿಯಾಗಬಹುದು, ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದಿಲ್ಲವೆಂಬುದೂ ನಿಜ. ಆದರೆ ಹೇಳದೆ ಉಣ್ಣಿಸಿದ್ದನ್ನು ಜನರ ಒಪ್ಪಿಗೆ ಎಂದು ತೋರಿಸಲು ಬರುವುದಿಲ್ಲ. ಇಷ್ಟು ಹೊತ್ತಿಗೆ ಇಬ್ಬರ ನಿಲುವೂ ನನಗೆ ಸ್ಪಷ್ಟವಾಗಿತ್ತು. ಕಾಕಾಗೆ ಬೆಳೆಯಲು ಭಯವಿಲ್ಲ, ತಿನ್ನಲು ಭಯ. ಮಗಳಿಗೆ ತಿನ್ನಲು ಭಯವಿಲ್ಲ, ಬೆಳೆಯಲು ಭಯ. ಪರ, ವಿರೋಧ ಎಂದು ಎರಡೇ ಸಾಲು ಮಾಡಿ ಜನರನ್ನು ನಿಲ್ಲಿಸುವವರು ಇವರಿಬ್ಬರನ್ನೂ ಯಾವ ಸಾಲಿನಲ್ಲಿ ನಿಲ್ಲಿಸಬೇಕು? ಮೆಕ್ಕೆಜೋಳದ ತವರಾದ ಮೆಕ್ಸಿಕೊ ಕುಲಾಂತರಿ ಮೆಕ್ಕೆಜೋಳ ಬಿತ್ತುವುದನ್ನು 2025ರಲ್ಲಿ ಸಂವಿಧಾನ ತಿದ್ದಿಯೇ ನಿಷೇಧಿಸಿತು, ಅದೇ ದೇಶ ಮೇವಿಗೆ ಅಮೆರಿಕದ ಕುಲಾಂತರಿ ಕಾಳು ತರಿಸುತ್ತದೆ. ಒಂದು ದೇಶದ ಮನಸ್ಸೇ ಹೀಗೆ ಎರಡಾಗಿರುವಾಗ ಒಂದು ಮನೆಯದು ಯಾಕಾಗಬಾರದು.

ಮಗಳು: ಬದನೆಕಾಯಿ ವಿಷಯದಲ್ಲಿ ಜನರನ್ನ ಕೇಳಿದ್ರಲ್ಲ ಕಾಕಾ. ನೀವೇ ಬೆಂಗಳೂರಿಗೆ ಹೋಗಿದ್ರಿ.

ಕಾಕಾ: ಹೋಗಿದ್ದೆ. 2010ರ ಫೆಬ್ರುವರಿ 6. ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಬಂದಿದ್ರು. ಒಳಗೂ ಕೂಗು, ಹೊರಗೂ ಕೂಗು. ಮೂರು ದಿನಕ್ಕೆ, 9ನೇ ತಾರೀಖು, ಬಿಟಿ ಬದನೆ ಸದ್ಯಕ್ಕೆ ಬೇಡ ಅಂತ ತಡೆ ಹಾಕಿದ್ರು. ನಾಲ್ಕು ತಿಂಗಳ ಹಿಂದೆ ತಜ್ಞರ ಸಮಿತಿ ಒಪ್ಪಿತ್ತು, ಆದ್ರೂ ಜನರ ಮಾತು ಕೇಳಿದ್ರು. ಬದನೆ ಅಂದ್ರೆ ತಟ್ಟೆಗೆ ನೇರ ಬರೋದು. ಹತ್ತಿ ಉಡೋದು, ಬದನೆ ಉಣ್ಣೋದು. ಉಡುಪಿ ಕಡೆಯವರು ಮಟ್ಟುಗುಳ್ಳ ಅಂತ ವಾದಿರಾಜರ ಕಾಲದ ಬದನೆ ಉಳಿಸಿಕೊಂಡು ಬಂದವರೆ. ಅಂಥದಕ್ಕೂ ಕೈ ಹಾಕಬೇಕಾ?

ಮಗಳು: ಅವತ್ತು ನಿಂತದ್ದು ಕಂಪನಿ ಬೀಜ ಒಂದೇ ಅಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕುಡಚಿ, ಉಡುಪಿ ಅಂತ ನಾಟಿ ತಳಿಗಳಿಗೇ ಬಿಟಿ ಸೇರಿಸಿ ಇಟ್ಟಿತ್ತು. ಹೈಬ್ರಿಡ್ ಅಲ್ಲ. ರೈತ ಒಂದು ಸಲ ತಂದು ತಾನೇ ಬೀಜ ಎತ್ತಿಟ್ಟುಕೊಳ್ಳಬಹುದಾಗಿತ್ತು. ಅದೂ ಮೂಲೆ ಸೇರಿತು.

ಕಾಕಾ: ನೋಡು, ಈಗ ನೀನೇ ಹೇಳ್ತಿದ್ದೀ. ನಿನಗೆ ಬೇಕಾದ್ದೂ ಅದೇ ಅಲ್ವಾ? ಸರ್ಕಾರದ ಬೀಜ, ರೈತನ ಕೈಲಿರೋ ಬೀಜ. ಆಗ ನಿನ್ನ ಭಯ ಎಲ್ಲಿ ಹೋಯ್ತು?

ಮಗಳು: ಪೂರ್ತಿ ಹೋಗಲ್ಲ ಕಾಕಾ. ಆ ನಾಟಿ ತಳಿಗಳನ್ನ ಬಳಸೋವಾಗ ಜೀವವೈವಿಧ್ಯ ಕಾಯ್ದೆ ಪ್ರಕಾರ ಅನುಮತಿ ಪಡೀಲಿಲ್ಲ ಅನ್ನೋ ಆರೋಪ ಬಂತು, ಮಾತು ಕೋರ್ಟಿನ ತನಕ ಹೋಯ್ತು. ಬೀಜ ಉಳಿಸಿದ ಊರಿನವರನ್ನೇ ಕೇಳದೆ ತಗೊಂಡ್ರೆ ಅದು ಸರ್ಕಾರದ್ದಾದ್ರೇನು, ಕಂಪನಿಯದ್ದಾದ್ರೇನು? ಆದರೆ ನಿಮ್ಮ ಮಾತಲ್ಲಿ ಸತ್ಯ ಇದೆ. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿತು, ಮರುವರ್ಷ ಇಪ್ಪತ್ತು ರೈತರಿಗೆ ಸಸಿ ಕೊಟ್ಟು ಶುರು ಮಾಡಿತು. ಅಲ್ಲಿ ಹಂಚಿದ್ದು ಸರ್ಕಾರದ ಸಂಶೋಧನಾ ಸಂಸ್ಥೆ. ಈಗ ಸಾವಿರಾರು ರೈತರು ಬೆಳೀತಾರೆ, ಔಷಧಿ ಕಡಿಮೆ ಹೊಡೀತಾರೆ. ನಮ್ಮ ಸಂತೆಗೆ ಬರೋ ಬದನೆಗೆ ಎಷ್ಟು ಸಲ ಔಷಧಿ ಬಿದ್ದಿರುತ್ತೆ, ಹೊಡೆದವರಿಗೇ ಗೊತ್ತು. ಆ ವಿಷ ತಿನ್ನೋಕೆ ನಿಮಗೆ ಭಯ ಇಲ್ವಾ?

ಕಾಕಾ: ಐತೆ. ಅದಕ್ಕೇ ಮನೆಗೆ ಬೇಕಾದ ಬದನೆ ಹಿತ್ತಲಲ್ಲಿ ಬೆಳೀತೀನಿ. ಮಾರೋದಕ್ಕೆ ಬೇರೆ, ಮನೆಗೆ ಬೇರೆ.

ಮಗಳು: ಹಿತ್ತಲು ಇಲ್ಲದೋರು ಏನು ಮಾಡಬೇಕು?

ಕಾಕಾ ಇದಕ್ಕೆ ಮಾತಾಡಲಿಲ್ಲ. ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡರು. ಬದುವಿನ ಆಚೆಯ ಹೊಲದಲ್ಲಿ ಐದಾರು ಹೆಂಗಸರು ಬಗ್ಗಿ ಕಳೆ ತೆಗೆಯುತ್ತಿದ್ದರು.

ಮಗಳು: ಹುಳದ್ದು ಒಂದಾಯ್ತು. ಕಂಪನಿಯೋರು ಇನ್ನೊಂದು ಗುಣ ಜೋಡಿಸ್ತಾರೆ. ಕಳೆನಾಶಕ ಹೊಡೆದ್ರೂ ಬೆಳೆ ಸಾಯಲ್ಲ, ಕಳೆ ಮಾತ್ರ ಸಾಯುತ್ತೆ. ಅದು ಬಂದ್ರೆ ಅಲ್ಲಿ ಬಗ್ಗಿರೋ ನಮ್ಮ ತಾಂಡಾದ ಹೆಣ್ಣುಮಕ್ಕಳ ಕೂಲಿ ಹೋಯ್ತು. ಮತ್ತೆ ಕಾಫಿ ಎಸ್ಟೇಟಿಗೋ ಕಬ್ಬು ಕಡಿಯೋಕೋ ಗುಳೆ ಹೋಗಬೇಕು.

ಕಾಕಾ: ಈಗಲೂ ಹೋಗ್ತಾರೆ. ಕಳೆ ತೆಗೆಯೋಕೆ ಹೊತ್ತಿಗೆ ಸರಿಯಾಗಿ ಆಳು ಸಿಗಲ್ಲ, ಕಳೆನಾಶಕ ಈಗಲೂ ಹೊಡೀತಾರೆ. ಆದ್ರೆ ನೀನು ಹೇಳಿದ್ದು ಯೋಚನೆ ಮಾಡೋ ಮಾತು. ಹುಳದ್ದು ಕೊಡಲಿ, ಕಳೇದು ಬೇಡ ಅಂದ್ರೆ ಕೊಡ್ತಾರಾ?

ಮಗಳು: ಯಾವುದು ಕೊಡಬೇಕು ಅನ್ನೋದನ್ನ ನೀವು ಹೇಳೋ ಜಾಗವೇ ಇಲ್ಲವಲ್ಲ. ಇನ್ನೊಂದು ಹೇಳ್ತೀನಿ. ಬೆಳೆ ಉಳೀತು ಅಂತಿಟ್ಟುಕೊಳ್ಳಿ, ರೇಟು? 2025ರ ಸುಗ್ಗೀಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಅಂತ ಇತ್ತು. ಮಾರುಕಟ್ಟೇಲಿ ಅಷ್ಟು ಸಿಕ್ತಾ?

ಕಾಕಾ: ಎಲ್ಲಿ ಸಿಕ್ತು. ರಸ್ತೇಲಿ ಕೂತು ಹೋರಾಟ ಮಾಡಿದ್ರು. ಅದು ಬಿಟಿ ತಪ್ಪಲ್ಲ, ಬಿಟಿ ಸರಿ ಮಾಡೋದೂ ಅಲ್ಲ.

ಮಗಳು: ತಿನ್ನೋ ಭಯಕ್ಕಾದ್ರೆ ದಾರಿ ಇದೆ ಕಾಕಾ. ಪೊಟ್ಟಣದ ಮೇಲೆ ಬರೆಯೋದು. ಕುಲಾಂತರಿ ಆಹಾರದ ಪೊಟ್ಟಣದ ಮೇಲೆ ಜಿಎಂ ಅಂತ ಹಾಕಬೇಕು ಅನ್ನೋ ನಿಯಮ 2013ರಲ್ಲೇ ಬಂತು. ಶೇಕಡಾ ಒಂದಕ್ಕಿಂತ ಹೆಚ್ಚು ಇದ್ರೆ ಬರೀಬೇಕು ಅಂತ 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕರಡು ಮಾಡಿತು. ಬರೆದಿದ್ರೆ ಬೇಕಾದೋರು ತಗೊಳ್ತಾರೆ, ಬೇಡದೋರು ಬಿಡ್ತಾರೆ.

ಕಾಕಾ: ನಮ್ಮ ಮನೆಗೆ ಎಷ್ಟು ಪೊಟ್ಟಣ ಬರ್ತಾವೆ? ಅಕ್ಕಿ ಸೊಸೈಟಿಯಿಂದ, ಜೋಳ ಸಂತೆಯಿಂದ, ಎಣ್ಣೆ ಡಬ್ಬದಿಂದ ಅಳೆದು ಕೊಡೋ ಅಂಗಡಿಯಿಂದ. ಜಯಂತಿಗೆ ಭಾಯಾಗಡದಲ್ಲಿ ಬಂದ ಜನಕ್ಕೆಲ್ಲ ದಾಸೋಹ ನಡೀತದೆ, ಆ ಕಡಾಯಿ ಮೇಲೆ ಯಾರು ಬರೀತಾರೆ? ಭೋಗ್ ಹಾಕೋವಾಗ ಬೆಂಕಿಗೆ ಇಡೋ ತುಪ್ಪ, ಬೆಲ್ಲ, ಹಿಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತಿರಬೇಕು. ವಿಜ್ಞಾನ ಸುಳ್ಳು ಅಂತ ನಾನು ಹೇಳ್ತಿಲ್ಲ ಮಗಾ. ನನ್ನ ದೇವರ ಮುಂದೆ ಇಡೋದು ಏನು ಅಂತ ತಿಳಿಯೋ ಹಕ್ಕು ನನಗೈತೆ ಅಂತೀನಿ.

ಮಗಳು: ಆ ಹಕ್ಕು ಇನ್ನೂ ಕಷ್ಟ ಆಗ್ತಾ ಇದೆ. 2025ರ ಮೇ ತಿಂಗಳಲ್ಲಿ ಎರಡು ಹೊಸ ಭತ್ತದ ತಳಿ ಘೋಷಿಸಿದ್ರು. ಒಂದು ನಿಮಗೆ ಗೊತ್ತಿರೋ ಸಾಂಬಾ ಮಸೂರಿಯನ್ನೇ ತಿದ್ದಿ ಮಾಡಿದ ಕಮಲಾ. ಹೊರಗಿನ ವಂಶವಾಹಿ ಏನೂ ಸೇರಿಸಿಲ್ಲ, ಭತ್ತದ್ದನ್ನೇ ಒಳಗೆ ತಿದ್ದಿದ್ದಾರೆ. ಅದಕ್ಕೆ ಅಂಥವನ್ನ ಕುಲಾಂತರಿ ಕಾನೂನಿನಿಂದ 2022ರಲ್ಲೇ ಹೊರಗಿಟ್ಟಿದ್ದಾರೆ. ನನಗೆ ಕೇಳಿದ್ರೆ ಒಳ್ಳೇ ಕೆಲಸ, ಸರ್ಕಾರಿ ಸಂಸ್ಥೆಯದ್ದು, ಬೇಗ ಕೊಯ್ಲಿಗೂ ಬರುತ್ತೆ. ಭದ್ರಾ ನೀರಿನ ಕಡೆಯೋರಿಗೆ ಅನುಕೂಲ.

ಕಾಕಾ: ಅದು ಅನ್ನ. ನೇರ ತಟ್ಟೆಗೆ ಬರೋದು. ಒಳ್ಳೇದೇ ಇದ್ರೆ ಹೇಳಿ ಕೊಡೋಕೆ ಏನು ತೊಂದ್ರೆ?

ಮಗಳು: ತೊಂದರೆ ಏನಿಲ್ಲ. ಹೇಳಬೇಕು. ಇದರಲ್ಲಿ ನಾನು ನಿಮ್ಮ ಕಡೆ.

ಕಾಕಾ: ಮೆಕ್ಕೆಜೋಳದಲ್ಲಿ?

ಮಗಳು: ಅದರಲ್ಲಿ ಇಲ್ಲ. ಬಿಟಿ ಜೊತೆಗೆ ಸಾದಾ ಬೀಜವೂ ಅಂಗಡೀಲಿ ಉಳೀತದೆ ಅಂತ ಯಾರಾದ್ರೂ ಬರೆದು ಕೊಡೋ ತನಕ ಇಲ್ಲ.

ಕಾಕಾ: ನಾನು ಬಿತ್ತೋನೇ. ಈ ವಯಸ್ಸಲ್ಲಿ ಇನ್ನೆಷ್ಟು ವರ್ಷ ಈ ವಿಷ ಉಸಿರಾಡಲಿ?

ಮಾತು ಅಲ್ಲಿಗೆ ನಿಂತಿತು. ಮೋಡ ಸರಿದು ಬಿಸಿಲು ಬಂದಿತ್ತು, ಔಷಧಿ ಹೊಡೆಯುವುದಿದ್ದರೆ ಸಂಜೆಯೇ ಸರಿ ಎಂದು ಇಬ್ಬರೂ ಒಪ್ಪಿದರು.

ಈ ಭಿನ್ನಾಭಿಪ್ರಾಯ ಹೊಲದ್ದಷ್ಟೇ ಅಲ್ಲ. ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಬೇರೆ ಬೇರೆ ತೀರ್ಪು ಕೊಟ್ಟರು. ಪರವಾನಗಿ ಕೊಟ್ಟ ಕ್ರಮ ತಪ್ಪೆಂದರು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಸರಿಯೆಂದರು ನ್ಯಾಯಮೂರ್ತಿ ಸಂಜಯ್ ಕರೋಲ್. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾದರು: ರೈತರು, ರಾಜ್ಯಗಳು, ತಜ್ಞರು ಎಲ್ಲರನ್ನೂ ಕೇಳಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ನೀತಿ ರೂಪಿಸಬೇಕು. ಆದರೆ ಎಲ್ಲಿ ಕೇಳುತ್ತಾರೆ? 2010ರಲ್ಲಿ ಬದನೆಯ ಬಗ್ಗೆ ಜನರನ್ನು ಕೇಳಿದ ಏಳು ಸಭೆಗಳು ನಡೆದದ್ದು ಕೋಲ್ಕತ್ತ, ಭುವನೇಶ್ವರ, ಅಹಮದಾಬಾದ್, ನಾಗಪುರ, ಚಂಡೀಗಢ, ಹೈದರಾಬಾದ್ ಮತ್ತು ಬೆಂಗಳೂರಿನಲ್ಲಿ. ಒಂದೂ ತಾಲ್ಲೂಕು ಕೇಂದ್ರ ಅದರಲ್ಲಿಲ್ಲ. ಮುಂದಿನ ಸಲ ಕೇಳುವವರು ನ್ಯಾಮತಿಗೆ ಬರಲಿ, ಜಗಳೂರಿಗೆ ಹೋಗಲಿ. ಬಿತ್ತನೆಗೆ ಮುಂಚೆ, ರೈತರಿಗೆ ಬಿಡುವಿರುವ ಏಪ್ರಿಲಿನಲ್ಲಿ ಬರಲಿ. ಕನ್ನಡದಲ್ಲೂ ಲಂಬಾಣಿಯಲ್ಲೂ ಕೇಳಲಿ. ಔಷಧಿ ಹೊಡೆಯುವವರನ್ನು, ಕಳೆ ತೆಗೆಯುವ ಹೆಂಗಸರನ್ನು, ಅಡುಗೆ ಮಾಡುವವರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಲಿ.